ಹೂವಿನಹಡಗಲಿಯ ಸಂಖ್ಯಾಶಾಸ್ತ್ರಜ್ಞ

ವಿದ್ವಾಂಸನ ಹಿರಿಮೆಯನ್ನು ಅಳೆಯುವ ಕೋಲು ಯಾವುದು? ಅರಸರ ಕಾಲದಲ್ಲಿ ಶಾಲುಜೋಡಿ, ಬಿರುದುಗಳು ಅದನ್ನು ಸಾರುತ್ತಿದ್ದವು. ಇಂದು ಆ ಕೆಲಸವನ್ನು ಅಂಕೆಗಳು ವಹಿಸಿಕೊಂಡಿವೆ. ಒಬ್ಬನ ಲೇಖನವನ್ನು ಎಷ್ಟು ಲೇಖನಗಳಲ್ಲಿ ಉಲ್ಲೇಖಿಸಲಾಗಿದೆ ಎಂಬುದೇ ಆ ಲೆಕ್ಕ. ಅಮೇರಿಕೆಯ ಯುಜೀನ್ ಗಾರ್ಫೀಲ್ಡರು 1964ರಲ್ಲಿ ವಿಜ್ಞಾನ ಲೇಖನಗಳ ಉಲ್ಲೇಖಸೂಚಿಯನ್ನು ಹೊರತಂದರು. 2005ರಲ್ಲಿ ಭೌತವಿಜ್ಞಾನಿ ಹಿರ್ಷರು ವಿದ್ವಾಂಸನ ಜೀವಮಾನದ ದುಡಿಮೆಯನ್ನು ಒಂದೇ ಅಂಕೆಗೆ ಇಳಿಸುವ ಸೂತ್ರವನ್ನು ಮುಂದಿಟ್ಟರು. ನೌಕರಿ, ಬಡತಿಗಳು ಈ ಅಂಕೆಯ ಬೆನ್ನು ಹತ್ತಿರುವಾಗ, ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬ ಗಣಿತಜ್ಞರ ಕಥೆ ಮನನೀಯವಾಗಿದೆ.

ಕಲ್ಯಂಪುಡಿ ರಾಧಾಕೃಷ್ಣ ರಾಯರು 1920ರ ಸಪ್ಟೆಂಬರ 10ರಂದು ಅಂದಿನ ಬಳ್ಳಾರಿ ಜಿಲ್ಲೆಯ ಹೂವಿನಹಡಗಲಿಯಲ್ಲಿ ತೆಲುಗು ಮನೆತನವೊಂದರಲ್ಲಿ ಜನಿಸಿದರು. ಎಂಟನೆಯ ಮಗುವಾದುದರಿಂದ ಕೃಷ್ಣನ ಹೆಸರು ಬಂದಿತು. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತವನ್ನು ಓದಿ, ಯುದ್ಧಕಾಲದಲ್ಲಿ ಕೆಲಸ ಹುಡುಕುತ್ತ ಕಲಕತ್ತೆಗೆ ಹೋದರು. ಆ ಕೆಲಸ ಸಿಗಲಿಲ್ಲ. ಮಹಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸಿಕ್ಕಿತು. ಅಲ್ಲಿ ಅವರ ದುಡಿಮೆ ನಾಲ್ಕು ದಶಕಗಳವರೆಗೆ ಸಾಗಿತು.

ಒಂದು ಪ್ರಶ್ನೆಯ ಫಲ

ರಾಯರು ಕಲಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿ. ಎಂ. ದಾಂಡೇಕರರು ವಿದ್ಯಾರ್ಥಿಯಾಗಿದ್ದರು. ಫಿಶರರ ಸಿದ್ಧಾಂತವೊಂದು ಬಹಳಷ್ಟು ಮಾಹಿತಿ ಕೈಯಲ್ಲಿದ್ದಾಗ ಸಲ್ಲುತ್ತದೆ. ಮಾಹಿತಿ ಕೊಂಚವೇ ಇದ್ದರೆ ಗತಿಯೇನು? ದಾಂಡೇಕರರ ಈ ಪ್ರಶ್ನೆಯನ್ನು ಹೊತ್ತು ಮನೆಗೆ ಹೋದ ರಾಯರು ರಾತ್ರಿಯೇ ಉತ್ತರವನ್ನು ಸಾಧಿಸಿ ಮರುದಿನ ತರಗತಿಯಲ್ಲಿ ವಿವರಿಸಿದರು.

ಆ ಉತ್ತರದ ತಿರುಳನ್ನು ಹೀಗೆ ತಿಳಿಯಬಹುದು. ಮಾಳಮಡ್ಡಿಯ ಮನೆಗಳಿಗೆ ದಿನಕ್ಕೆ ಸರಾಸರಿ ಎಷ್ಟು ಕೊಡ ನೀರು ಬೇಕೆಂದು ತಿಳಿಯಬೇಕಾಗಿದೆ. ಎಲ್ಲ ಮನೆಗಳನ್ನೂ ಕೇಳುವುದು ಆಗದು. ಇಪ್ಪತ್ತು ಮನೆಗಳನ್ನು ಕೇಳಿ ಅಂದಾಜು ಮಾಡುತ್ತೇವೆ. ಬೇರೆ ಇಪ್ಪತ್ತು ಮನೆಗಳನ್ನು ಕೇಳಿದರೆ ಅಂದಾಜು ತುಸು ಬೇರೆಯಾಗುತ್ತದೆ. ಜಾಣ್ಮೆಯಿಂದ ಲೆಕ್ಕ ಹಾಕಿ ಈ ಏರುಪೇರನ್ನು ಕುಗ್ಗಿಸಬಹುದು. ಆದರೆ ಯಾವ ಕಡೆಗೂ ವಾಲದ ಅಂದಾಜು ಎಷ್ಟೇ ಉತ್ತಮವಾಗಿರಲಿ, ಅದರ ಏರುಪೇರು ಒಂದು ಗೆರೆಗಿಂತ ಕೆಳಗೆ ಇಳಿಯಲಾರದು. ಆ ಗೆರೆಯನ್ನು ನಿರ್ಧರಿಸುವುದು ಸಂಗ್ರಹಿಸಿದ ಮಾಹಿತಿಯ ಪ್ರಮಾಣ. ಸ್ವೀಡನ್ನಿನ ಕ್ರಾಮೇರರೂ ಸ್ವತಂತ್ರವಾಗಿ ಇದನ್ನು ಕಂಡುಕೊಂಡುದರಿಂದ ಇದು ‘ಕ್ರಾಮೇರ್-ರಾವ್ ಮಿತಿ’ ಎನಿಸಿತು.

ಈ ಲೇಖನ 1945ರಲ್ಲಿ ಪ್ರಕಟವಾದುದು ಕಲಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ. ಅದರ ಹತ್ತಾರು ಪುಟಗಳಲ್ಲಿ ಇನ್ನೆರಡು ಬೀಜಗಳಿದ್ದವು: ಒರಟು ಅಂದಾಜನ್ನು ಸುಧಾರಿಸುವ ‘ರಾವ್-ಬ್ಲ್ಯಾಕ್‌ವೆಲ್’ ಪ್ರಮೇಯ, ಮತ್ತು ಸಂಭವನೀಯತೆಗಳ ನಡುವಣ ದೂರವನ್ನು ರೇಖಾಗಣಿತದಿಂದ ಅಳೆಯುವ ಕಲ್ಪನೆ.

ಹಲವು ಹೊಲಗಳಲ್ಲಿ ಒಂದೇ ಬೆಳೆ

1946ರಲ್ಲಿ ರಾಯರು ಕೇಂಬ್ರಿಜ್ಜಿಗೆ ತೆರಳಿ, ಸುದಾನಿನ ಜೆಬೆಲ್ ಮೋಯಾದಲ್ಲಿ ದೊರೆತ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಿದರು. 1948ರಲ್ಲಿ ಫಿಶರರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಅವರು ರೂಪಿಸಿದ ‘ಲಂಬ ವ್ಯೂಹ’ಗಳು ಕಾರಖಾನೆಗಳ ಪ್ರಯೋಗಗಳಲ್ಲಿಯೂ, ಸಂದೇಶಗಳ ತಪ್ಪು ತಿದ್ದುವ ಸಂಕೇತಶಾಸ್ತ್ರದಲ್ಲಿಯೂ ಬಳಕೆಗೆ ಬಂದವು. ರೆಡಾರ್ ತಜ್ಞರು ಗುರಿಯ ದೂರವನ್ನು ಎಷ್ಟು ನಿಖರವಾಗಿ ಹೇಳಬಹುದೆಂದು ನೋಡುವುದು ರಾಯರ ಮಿತಿಯಿಂದಲೇ. ಗಣಕಯಂತ್ರಕ್ಕೆ ಕಲಿಕೆ ಕೊಡುವ ವಿದ್ಯೆಯಲ್ಲಿ ಜಪಾನಿನ ಅಮಾರಿಯವರು 1998ರಲ್ಲಿ ತೋರಿದ ಹೊಸ ಮಾರ್ಗ ನಿಂತಿರುವುದೂ ಅದೇ ರೇಖಾಗಣಿತದ ತಳಹದಿಯ ಮೇಲೆ. ಇನ್ನು ಶಿಷ್ಯರ ಮಾತು: 2007ರಲ್ಲಿ ಆಬೆಲ್ ಪ್ರಶಸ್ತಿ ಪಡೆದ ಎಸ್. ಆರ್. ಶ್ರೀನಿವಾಸ ವರದನ್ ಅವರಲ್ಲೊಬ್ಬರು.

2001ರಲ್ಲಿ ಪದ್ಮವಿಭೂಷಣ ಬಂದಿತು. ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದುದು 2023ರಲ್ಲಿ. ಆ ಲೇಖನಕ್ಕೆ ಆಗ ಎಪ್ಪತ್ತೆಂಟು ವರ್ಷ, ರಾಯರಿಗೆ ನೂರೆರಡು. ಅದೇ ಆಗಸ್ಟ 22ರಂದು ಅವರು ಅಮೇರಿಕೆಯಲ್ಲಿ ನಿಧನರಾದರು.

ಇಲ್ಲೊಂದು ಸೋಜಿಗವಿದೆ. ಕಲ್ಪನೆಯೊಂದು ತೀರ ಬಳಕೆಯದಾದಾಗ ಮೂಲ ಲೇಖನವನ್ನು ಉಲ್ಲೇಖಿಸುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ. ಕರ್ತೃವಿನ ಹೆಸರು ಶಾಸ್ತ್ರದ ಶಬ್ದವಾಗಿ ಉಳಿಯುತ್ತದೆ, ಗಣನೆಗೆ ಸಿಕ್ಕುವುದಿಲ್ಲ. ಅಂಕೆಗಳನ್ನು ತೀರ ಅಲ್ಲಗಳೆಯಬೇಕಾಗಿಲ್ಲ; ಅವೂ ಒಂದು ಬಗೆಯ ಅಂದಾಜು, ಪ್ರತಿ ಅಂದಾಜಿಗೂ ಮಿತಿಯುಂಟೆಂದು ರಾಯರೇ ಕಲಿಸಿದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯವೂ 2016ರಲ್ಲಿ ಆರಂಭವಾದ ಐ.ಐ.ಟಿ.ಯೂ ಇರುವ ಧಾರವಾಡದ ತರುಣ ಸಂಶೋಧಕರು, ವಿದ್ಯಾರ್ಥಿಯ ಪ್ರಶ್ನೆಯೊಂದಕ್ಕೆ ರಾತ್ರಿಯಿಡೀ ತಲೆಕೊಟ್ಟ ಆ ಅಧ್ಯಾಪಕರನ್ನು ನೆನೆಯುವುದು ಒಳಿತು.