ತೆರೆಯ ಮೇಲಿನ ಪಂಚಾಂಗ: ದಿನಾಂಕ ಸೂಚಕಗಳ ತುಲನಾತ್ಮಕ ವಿವೇಚನೆ

ಕಾಲವು ಅಖಂಡವಾದುದು. ಲೋಕವ್ಯವಹಾರದ ಸೌಕರ್ಯಕ್ಕಾಗಿ ಮಾನವನು ಅದನ್ನು ವರ್ಷ, ಮಾಸ, ದಿನಗಳೆಂದು ವಿಭಾಗಿಸಿಕೊಂಡಿದ್ದಾನೆ. ಹಾಗೆ ವಿಭಾಗಿಸಿದ ಕಾಲದಲ್ಲಿ ಒಂದು ದಿನವನ್ನು ಮಾತ್ರ ಬೆರಳಿಟ್ಟು ತೋರಿಸುವುದು ಮೇಲ್ನೋಟಕ್ಕೆ ಸುಲಭವೆನಿಸಿದರೂ ಅದು ಶಾಸ್ತ್ರಸಾಧ್ಯವಾದ ಕಾರ್ಯವೇ ಆಗಿದೆ. ಹಿಂದೆ ಈ ಕಾರ್ಯವನ್ನು ಶಾಸನಕವಿಯೂ ಜೋಯಿಸನೂ ಕರಣಿಕನೂ ನಿರ್ವಹಿಸುತ್ತಿದ್ದರು. ಇಂದು ಗಣಕಯಂತ್ರದ ತೆರೆಯ ಮೇಲೆ ಮೂಡುವ ಒಂದು ಪುಟ್ಟ ಚೌಕಟ್ಟು ಅದನ್ನು ನಿರ್ವಹಿಸುತ್ತಿದೆ. ಇದಕ್ಕೆ ತಂತ್ರಜ್ಞರ ಪರಿಭಾಷೆಯಲ್ಲಿ 'ಡೇಟ್ ಪಿಕರ್' ಎಂದು ಹೆಸರು. ದಿನಾಂಕ ಸೂಚಕವೆಂದು ಇದನ್ನು ಕರೆಯಬಹುದು. ಶಾಲೆಯ ದಾಖಲೆಗಳು ಗಣಕಯಂತ್ರವನ್ನು ಸೇರುತ್ತಿರುವ ಈ ಕಾಲದಲ್ಲಿ, ಈ ಸೂಚಕಗಳಲ್ಲಿ ಯಾವುದು ಯಾವ ಕೆಲಸಕ್ಕೆ ಯೋಗ್ಯವೆಂಬುದನ್ನು ಅಧ್ಯಾಪಕರೂ ಹಿತೈಷಿಗಳೂ ಅರಿತಿರುವುದು ಅವಶ್ಯಕ.

ಮೊದಲು ಪ್ರಾಚೀನರ ಪದ್ಧತಿಯನ್ನು ನೋಡಬೇಕು. ಅಡರಕಟ್ಟಿಯ ಸೀಮೆಗೆ ಸೇರಿದ ಲಕ್ಷ್ಮೇಶ್ವರವು ಪ್ರಾಚೀನ ಪುಲಿಗೆರೆ. ಈ ಸೀಮೆಯ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ದಾನದ ದಿನವನ್ನು ಹೇಳುವಾಗ ವರ್ಷಸಂಖ್ಯೆ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರಗಳನ್ನು ಒಟ್ಟಿಗೆ ಕೊಡುವುದು ವಾಡಿಕೆ. ಸಂಕ್ರಾಂತಿಯೋ ಗ್ರಹಣವೋ ಇದ್ದರೆ ಅದನ್ನೂ ಸೇರಿಸುತ್ತಿದ್ದರು. ಇದು ವ್ಯರ್ಥ ವಿಸ್ತಾರವಲ್ಲ. ಒಂದು ಅಂಗ ತಪ್ಪಿದರೆ ಉಳಿದ ಅಂಗಗಳು ಆ ತಪ್ಪನ್ನು ಹೊರಗೆಡಹುತ್ತವೆ. ಫ್ಲೀಟ್, ಕೀಲ್‌ಹಾರ್ನ್ ಮೊದಲಾದ ವಿದ್ವಾಂಸರು ಶಾಸನಕಾಲವನ್ನು ಪರೀಕ್ಷಿಸಿದ್ದು ತಿಥಿವಾರಗಳ ಈ ಹೊಂದಾಣಿಕೆಯಿಂದಲೇ. 1896ರಲ್ಲಿ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಪ್ರಕಟಿಸಿದ ಭಾರತೀಯ ಪಂಚಾಂಗ ಗ್ರಂಥವೂ, 1922ರಲ್ಲಿ ಬಂದ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳೂ ಈ ಕಾರ್ಯಕ್ಕೆ ಆಧಾರವಾದವು.

ಸಂವತ್ಸರದ ಹೆಸರೊಂದೇ ಸಾಲದೆಂಬುದಕ್ಕೆ ಒಂದು ಉದಾಹರಣೆ ಸಾಕು. ಆರನೆಯ ವಿಕ್ರಮಾದಿತ್ಯನು ಕ್ರಿ.ಶ. 1076ರಲ್ಲಿ, ಶಕ 998ರ ನಳ ಸಂವತ್ಸರದಲ್ಲಿ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದನು. ಆ ಲೆಕ್ಕದಂತೆ ವಿಕ್ರಮ ವರ್ಷ 50 ಎಂದರೆ ಕ್ರಿ.ಶ. 1125–26, ಸಂವತ್ಸರ ವಿಶ್ವಾವಸು. ಇದೇ ವಿಶ್ವಾವಸು 1905–06ರಲ್ಲಿಯೂ 1965–66ರಲ್ಲಿಯೂ 2025–26ರಲ್ಲಿಯೂ ಬಂದಿದೆ. 'ವಿಶ್ವಾವಸುವಿನಲ್ಲಿ ಹುಟ್ಟಿದವನು' ಎಂದರೆ ಕೂಸೂ ಆಗಬಹುದು, ಷಷ್ಟ್ಯಬ್ದಿ ಮುಗಿಸಿದ ಹಿರಿಯನೂ ಆಗಬಹುದು.

ಇನ್ನು ಪ್ರಸ್ತುತ ವಿಷಯಕ್ಕೆ ಬರೋಣ. ಗಣಕಯಂತ್ರಕ್ಕಾಗಿ ತಂತ್ರಾಂಶವನ್ನು ರಚಿಸುವವನು ಗುಂಡಿ, ಪಟ್ಟಿ, ಕೋಷ್ಟಕಗಳನ್ನೆಲ್ಲ ತಾನೇ ಕಡೆಯುವುದಿಲ್ಲ. ಅವು ಸಿದ್ಧರೂಪದಲ್ಲಿ ದೊರೆಯುವ ಸಾಮಗ್ರಿಗಳ ಸಮೂಹಕ್ಕೆ 'ಟೂಲ್‌ಕಿಟ್' ಎನ್ನುತ್ತಾರೆ. ಕ್ಯೂಟ್, ಜಿಟಿಕೆ, ಜಾವಾಎಫ್‌ಎಕ್ಸ್, ವಿಂಡೋಸ್ ಫಾರ್ಮ್ಸ್ ಎಂಬುವು ಇವುಗಳಲ್ಲಿ ಪ್ರಸಿದ್ಧವಾದವು. ಇವುಗಳಲ್ಲಿನ ದಿನಾಂಕ ಸೂಚಕಗಳನ್ನು ಸ್ಥೂಲವಾಗಿ ಮೂರು ವರ್ಗ ಮಾಡಬಹುದು: ಅಂಕಿಗಳನ್ನು ಬೆರಳಚ್ಚಿಸುವ ಕ್ಷೇತ್ರ, ಗೋಡೆಯ ಕ್ಯಾಲೆಂಡರಿನಂತೆ ತಿಂಗಳನ್ನು ಪೂರ್ತಿಯಾಗಿ ತೋರಿಸುವ ಕೋಷ್ಟಕ, ಮತ್ತು ಇವೆರಡನ್ನೂ ಕೂಡಿಸಿ, ಕ್ಷೇತ್ರದ ಪಕ್ಕದ ಗುಂಡಿಯನ್ನೊತ್ತಿದರೆ ಕೋಷ್ಟಕವು ಕೆಳಗೆ ಬಿಚ್ಚಿಕೊಳ್ಳುವ ಉಭಯರೂಪ.

ಜಿಟಿಕೆಯಲ್ಲಿ ಕೋಷ್ಟಕರೂಪ ಮಾತ್ರ ಸಿದ್ಧವಾಗಿ ದೊರೆಯುತ್ತದೆ. ಉಭಯರೂಪ ಬೇಕಾದವರು ಅದನ್ನು ತಾವೇ ಜೋಡಿಸಿಕೊಳ್ಳಬೇಕು. ಕ್ಯೂಟ್‌ನಲ್ಲಿ ಕ್ಷೇತ್ರವೂ ಕೋಷ್ಟಕವೂ ಬೇರೆಬೇರೆಯಾಗಿವೆ. ಕ್ಷೇತ್ರಕ್ಕೆ ಕೋಷ್ಟಕವನ್ನು ಅಂಟಿಸುವ ಸೌಲಭ್ಯವಿದ್ದರೂ ರಚನಕಾರನು ಅದನ್ನು ಕೇಳಿ ಪಡೆಯಬೇಕು. ವಿಂಡೋಸ್ ಫಾರ್ಮ್ಸ್‌ನದು ಉಭಯರೂಪ. ಜಾವಾದ ಹಳೆಯ ಸ್ವಿಂಗ್ ಸಾಮಗ್ರಿಯಲ್ಲಿ ಇಂಥ ಸೂಚಕವೇ ಇರಲಿಲ್ಲ. 2014ರಲ್ಲಿ ಜಾವಾ 8ರೊಡನೆ ಬಂದ ಜಾವಾಎಫ್‌ಎಕ್ಸ್‌ನಲ್ಲಿ ಉಭಯರೂಪದ ಸೂಚಕ ಸೇರಿತು.

ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕಾರ್ಯಭೇದದಿಂದ ಯೋಗ್ಯತಾಭೇದ ಉಂಟಾಗುತ್ತದೆ. ಬರುವ ವಾರದ ಪಾಲಕರ ಸಭೆಯನ್ನೋ ಪರೀಕ್ಷೆಯನ್ನೋ ಗೊತ್ತುಮಾಡುವಾಗ ಕೋಷ್ಟಕವೇ ಉತ್ತಮ. ಆದಿತ್ಯವಾರ ಯಾವುದು, ಸಂತೆಯ ದಿನ ಯಾವುದು ಎಂಬುದು ಕಣ್ಣಿಗೆ ಕಾಣುತ್ತದೆ. ಆದರೆ 1965ರ ಜೂನ್ ತಿಂಗಳಲ್ಲಿ ಹುಟ್ಟಿದ ಹಳೆಯ ವಿದ್ಯಾರ್ಥಿಯೊಬ್ಬನ ಜನ್ಮದಿನವನ್ನು 2025ರ ಜೂನ್‌ನಲ್ಲಿ ತುಂಬಬೇಕಾದರೆ, ತಿಂಗಳು ತಿಂಗಳಾಗಿ ಹಿಂದಕ್ಕೆ ಸರಿಯುವ ಬಾಣವನ್ನು 720 ಸಲ ಒತ್ತಬೇಕಾಗುತ್ತದೆ. ಜಾವಾಎಫ್‌ಎಕ್ಸ್‌ನಂತೆ ವರ್ಷಕ್ಕೂ ಬಾಣವಿದ್ದರೆ 60 ಸಲ. ವಿಂಡೋಸಿನ ಈಚಿನ ಕೋಷ್ಟಕದಲ್ಲಿ ಶೀರ್ಷಿಕೆಯನ್ನೊತ್ತಿ ವರ್ಷಕ್ಕೆ, ಅಲ್ಲಿಂದ ದಶಕಕ್ಕೆ ಏರುವ ಮಾರ್ಗವಿದೆ. ಬೆರಳಚ್ಚಿನ ಕ್ಷೇತ್ರದಲ್ಲಾದರೋ ಎಂಟು ಅಂಕಿಗಳಲ್ಲಿ ಕೆಲಸ ಮುಗಿಯುತ್ತದೆ. ಆದುದರಿಂದ ದಾಖಲಾತಿ ಪುಸ್ತಕವನ್ನು ಗಣಕಕ್ಕೇರಿಸುವವರಿಗೆ ಬೆರಳಚ್ಚಿನ ಅವಕಾಶವಿಲ್ಲದ ಸೂಚಕವನ್ನು ಕೊಡಲಾಗದು.

ಬೆರಳಚ್ಚಿಗೂ ಒಂದು ದೋಷವುಂಟು. 01/11/1956 ಎಂಬುದು ನಮ್ಮಲ್ಲಿ ರಾಜ್ಯೋದಯದ ದಿನ, ನವೆಂಬರ್ 1. ಅಮೆರಿಕೆಯ ಕ್ರಮದಲ್ಲಿ ಅದು ಜನವರಿ 11 ಆಗುತ್ತದೆ. ತಂತ್ರಾಂಶವು ಯಾವ ದೇಶದ ಕ್ರಮಕ್ಕೆ ಹೊಂದಿಸಲ್ಪಟ್ಟಿದೆಯೋ ಅದರಂತೆ ಅರ್ಥ ಬದಲಾಗುತ್ತದೆ. 1988ರಲ್ಲಿ ಪ್ರಕಟವಾದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವು ವರ್ಷ–ಮಾಸ–ದಿನ ಎಂಬ ಕ್ರಮವನ್ನು ವಿಧಿಸಿ ಈ ಸಂಶಯವನ್ನು ಕಳೆಯಲು ಯತ್ನಿಸಿದೆ. ಆದರೆ ಶಾಸನಕವಿಯ ಉಪಾಯವೂ ಇಲ್ಲಿ ಸಲ್ಲುತ್ತದೆ: ಅಂಕಿಗಳ ಜೊತೆಗೆ ವಾರವನ್ನೂ, ತಿಂಗಳ ಹೆಸರನ್ನು ಅಕ್ಷರದಲ್ಲಿಯೂ ತೋರಿಸಬೇಕು. 1956ರ ನವೆಂಬರ್ 1 ಗುರುವಾರ. ಅದೇ ವರ್ಷದ ಜನವರಿ 11 ಬುಧವಾರ. ವಾರವನ್ನು ಕಂಡ ಕೂಡಲೇ ಗುಮಾಸ್ತನಿಗೆ ತಪ್ಪು ಗೋಚರಿಸುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಜಿಟಿಕೆಯ ಕೋಷ್ಟಕವು ತಿಂಗಳುಗಳನ್ನು ಒಳಗೆ 0ಯಿಂದ 11ರವರೆಗೆ ಎಣಿಸುತ್ತದೆ. ರಚನಕಾರನು ಒಂದನ್ನು ಕೂಡಿಸಲು ಮರೆತರೆ ಜೂನ್ ತಿಂಗಳು ದಾಖಲೆಯಲ್ಲಿ ಮೇ ಆಗುತ್ತದೆ.

ಎಲ್ಲಕ್ಕಿಂತ ಗಹನವಾದ ಪ್ರಶ್ನೆ, ದಿನಾಂಕ ತಿಳಿಯದಿರುವಾಗ ಏನು ಮಾಡಬೇಕೆಂಬುದು. ನಮ್ಮ ಕಡೆಯ ಹಳೆಯ ದಾಖಲಾತಿ ಪುಸ್ತಕಗಳಲ್ಲಿ ಜೂನ್ 1ರಂದು ಜನಿಸಿದವರು ಅಸಂಖ್ಯರೆಂಬುದು ಸರ್ವವಿದಿತ. ಶಾಲೆ ಆರಂಭವಾಗುವ ದಿನಗಳಲ್ಲಿ, ತಾಯ್ತಂದೆಯರಿಗೆ ಜನ್ಮದಿನ ನೆನಪಿಲ್ಲದಿದ್ದಾಗ, ಗುರುಗಳು ಅನುಕೂಲವಾದ ದಿನವೊಂದನ್ನು ಬರೆದುಕೊಂಡರು. ಪುಸ್ತಕದಲ್ಲಿ ಖಾಲಿ ಬಿಡಲಾಗದ ಒಂದು ಅಂಕಣ ಇದಕ್ಕೆ ಕಾರಣ. ಹೀಗೆ ಬರೆದ ದಿನವೇ ಮುಂದೆ ನೌಕರಿಗೂ ನಿವೃತ್ತಿಗೂ ಆಧಾರವಾಯಿತು. ಸರಕಾರಿ ನೌಕರರ ವಿಷಯದಲ್ಲಿ, ಒಮ್ಮೆ ಅಂಗೀಕೃತವಾದ ಜನ್ಮದಿನಾಂಕದ ತಿದ್ದುಪಡಿಯನ್ನು ಕರ್ನಾಟಕದ 1974ರ ಕಾಯಿದೆಯು ಬಹುಮಟ್ಟಿಗೆ ನಿರ್ಬಂಧಿಸಿದೆ. ಒಂದು ಅಂಕಣದ ಹಟವು ಒಬ್ಬನ ಬಾಳಿನ ಲೆಕ್ಕವನ್ನೇ ನಿರ್ಣಯಿಸಿದಂತಾಯಿತು.

ತೆರೆಯ ಮೇಲಿನ ಸೂಚಕಗಳೂ ಇದೇ ಹಟವನ್ನು ಹಿಡಿಯಬಲ್ಲವು. ಕ್ಯೂಟ್‌ನ ದಿನಾಂಕ ಕ್ಷೇತ್ರವು ಖಾಲಿ ಇರಲಾರದು; ಯಾವುದಾದರೊಂದು ದಿನವನ್ನು ಅದು ತೋರಿಸಿಯೇ ತೋರಿಸುತ್ತದೆ. ಕನಿಷ್ಠ ದಿನಾಂಕದ ಸ್ಥಾನದಲ್ಲಿ 'ತಿಳಿಯದು' ಎಂಬ ಪದವನ್ನು ಕಾಣಿಸುವ ಉಪಾಯ ಮಾತ್ರ ಅಲ್ಲಿದೆ. ವಿಂಡೋಸ್ ಫಾರ್ಮ್ಸ್‌ನಲ್ಲಿ ಪಕ್ಕದಲ್ಲಿ ಗುರುತು ಹಾಕುವ ಚೌಕವನ್ನಿಟ್ಟು, ಗುರುತಿಲ್ಲದಿದ್ದರೆ ದಿನಾಂಕವಿಲ್ಲವೆಂದು ಭಾವಿಸುವ ವ್ಯವಸ್ಥೆಯಿದೆ. ಜಾವಾಎಫ್‌ಎಕ್ಸ್‌ನ ಸೂಚಕವು ಶೂನ್ಯವಾಗಿ ಇರಬಲ್ಲುದು. ದಾಖಲೆಯ ಸತ್ಯನಿಷ್ಠೆಯ ದೃಷ್ಟಿಯಿಂದ ಈ ಕೊನೆಯದು ಪ್ರಶಸ್ತ. ತಿಳಿಯದುದನ್ನು ತಿಳಿಯದೆಂದು ಬರೆಯಲು ಅವಕಾಶ ಕೊಡುವ ಸಾಧನವೇ ಒಳ್ಳೆಯ ಸಾಧನ.

ಇತಿಹಾಸದ ಕೆಲಸಕ್ಕೆ ಈ ಸೂಚಕಗಳು ಎಷ್ಟು ಸಮರ್ಥ? ವಿಂಡೋಸ್ ಫಾರ್ಮ್ಸ್‌ನ ಸೂಚಕವು 1753ರ ಜನವರಿ 1ಕ್ಕಿಂತ ಹಿಂದೆ ಹೋಗದು. ಕ್ಯೂಟ್‌ನ ಕ್ಷೇತ್ರವು ತಾನಾಗಿ 1752ರ ಸೆಪ್ಟೆಂಬರ್ 14ರಲ್ಲಿ ನಿಲ್ಲುತ್ತದೆ. ರಚನಕಾರನು ಬಯಸಿದರೆ ಆ ಗಡಿಯನ್ನು ಹಿಂದಕ್ಕೆ ಸರಿಸಬಹುದು. ಈ ಗಡಿಯ ಮೂಲ ಬ್ರಿಟನ್ನಿನ ಚರಿತ್ರೆಯಲ್ಲಿದೆ. ಆ ದೇಶವು ಗ್ರೆಗೋರಿಯನ್ ಕಾಲಗಣನೆಯನ್ನು ಸ್ವೀಕರಿಸಿದಾಗ 1752ರ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಆಯಿತು. ಹೀಗಾಗಿ ಪುಲಿಗೆರೆಯ ಶಾಸನವೊಂದರ ಕಾಲವನ್ನು ಮೊದಲನೆಯ ಸೂಚಕದಲ್ಲಿ ತುಂಬಲಾಗದು. ಎರಡನೆಯದರಲ್ಲಿ ತುಂಬಿದರೂ ಎಚ್ಚರ ಬೇಕು. ವಿದ್ವಾಂಸರು ಶಾಸನಗಳಿಗೆ ಕೊಡುವುದು ಸಾಮಾನ್ಯವಾಗಿ ಜೂಲಿಯನ್ ದಿನಾಂಕ. ಸೂಚಕವು ಎಣಿಸುವುದು ಗ್ರೆಗೋರಿಯನ್ ಕ್ರಮದಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಇವೆರಡರ ಅಂತರ ಸರಿಯಾಗಿ 7 ದಿನ. ಏಳು ದಿನ ತಪ್ಪಿದರೂ ವಾರ ಬದಲಾಗದು. ಆದಕಾರಣ ವಾರಪರೀಕ್ಷೆಯೂ ಇಲ್ಲಿ ಮೋಸಹೋಗುತ್ತದೆ. ತಿಥಿಯೊಂದೇ ಆಗ ಸಾಕ್ಷಿ.

ಅನ್ಯ ಕಾಲಗಣನೆಗಳಿಗೆ ಸ್ಥಾನವೇ ಇಲ್ಲವೆಂದಲ್ಲ. ಕ್ಯೂಟ್ 5.14ರಿಂದ ಜೂಲಿಯನ್, ಜಲಾಲಿ, ಇಸ್ಲಾಮೀ ಗಣನೆಗಳನ್ನೂ, ಜಾವಾ ಥಾಯ್ ಬೌದ್ಧ, ಜಪಾನೀ, ಹಿಜರಿ ಗಣನೆಗಳನ್ನೂ ಒಳಗೊಂಡಿವೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಂದು ಜಾರಿಗೆ ಬಂದ ನಮ್ಮ ರಾಷ್ಟ್ರೀಯ ಶಕ ಪಂಚಾಂಗವು ಈ ಎರಡರ ಸಿದ್ಧಪಟ್ಟಿಯಲ್ಲಿಯೂ ಸೇರಿಲ್ಲ. ಅದು ಸೌರಗಣನೆಯಾದುದರಿಂದ ಪರಿವರ್ತನೆ ಕಠಿಣವೇನಲ್ಲ. ಜನರ ಹಬ್ಬಹರಿದಿನಗಳಿಗೆ ಆಧಾರವಾದ ಚಾಂದ್ರಮಾನ ಪಂಚಾಂಗವಾದರೋ ಸೂರ್ಯಚಂದ್ರರ ಗತಿಯನ್ನು ಅವಲಂಬಿಸಿದೆ. ಅಧಿಕಮಾಸವನ್ನೂ ಬಲ್ಲ ಗಣಿತ ಅದಕ್ಕೆ ಬೇಕು.

ಸಾರಾಂಶವಿಷ್ಟು: ಸಭೆ ಸಮಾರಂಭಗಳಿಗೆ ಕೋಷ್ಟಕ, ಜನ್ಮದಿನಕ್ಕೆ ಬೆರಳಚ್ಚಿನ ಕ್ಷೇತ್ರ, ಎರಡೂ ಬೇಕಾದಲ್ಲಿ ಉಭಯರೂಪ. ಯಾವುದಾದರೂ ಸರಿ, ವಾರವನ್ನು ತೋರಿಸಬೇಕು, ತಿಂಗಳನ್ನು ಅಕ್ಷರದಲ್ಲಿ ಹೇಳಬೇಕು, ಖಾಲಿ ಇರಲು ಒಪ್ಪಬೇಕು. ದಾಖಲೆಗಾಗಿ ತಂತ್ರಾಂಶವನ್ನು ಕೊಳ್ಳುವ ಅಥವಾ ದಾನವಾಗಿ ಕೊಡುವ ಮಹನೀಯರು ಈ ಮೂರನ್ನು ಮೊದಲೇ ಕೇಳಿ ತಿಳಿಯಲಿ. ಇಂದು ತೆರೆಯ ಮೇಲೆ ಮೂಡುವ ದಿನಾಂಕವನ್ನು ಐವತ್ತು ವರ್ಷಗಳ ಅನಂತರ ಪ್ರಮಾಣವೆಂದು ಹಿಡಿಯಬೇಕಾದವನು, ಈಗ ಒಂದನೆಯ ತರಗತಿಯ ಬಾಗಿಲಲ್ಲಿ ನಿಂತಿರುವ ಮಗು.