‘ತೃಪ್ತಿಯಾಯಿತೇ?’ ಎಂದು ಕೇಳಬೇಡಿ

ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮೊದಲೇ ನರ್ಸ್ ಎದುರು ನಿಂತು ‘ಸೇವೆ ತೃಪ್ತಿಕರವೇ?’ ಎಂದರೆ ಯಾರು ತಾನೇ ಇಲ್ಲ ಎಂದಾರು? ಆಸ್ಪತ್ರೆಗಳಿಗೆ ಪ್ರಶ್ನಾವಳಿ ಬರೆದುಕೊಡುವ ನಾನು ಮೊದಲು ಹೊಡೆದುಹಾಕುವುದು ಆ ಪ್ರಶ್ನೆಯನ್ನೇ. ರಾತ್ರಿ ಬೆಲ್ ಒತ್ತಿದಾಗ ಬೇಗ ಬಂದರೇ? ಈ ಮಾತ್ರೆ ಯಾತಕ್ಕೆಂದು ಹೇಳಿದರೇ? ಶೌಚಾಲಯ ಸ್ವಚ್ಛವಿತ್ತೇ? ಹೀಗೆ ನಡೆದದ್ದನ್ನು ಕೇಳಬೇಕು. ಅಮೆರಿಕದ ಆಸ್ಪತ್ರೆಗಳ ರೋಗಿಗಳನ್ನು ಕೇಳುವ ಎಚ್‌ಕ್ಯಾಪ್ಸ್ ಸಮೀಕ್ಷೆಯ ಅನೇಕ ಪ್ರಶ್ನೆಗಳಿಗೆ ‘ಎಂದೂ ಇಲ್ಲ, ಕೆಲವೊಮ್ಮೆ, ಸಾಮಾನ್ಯವಾಗಿ, ಯಾವಾಗಲೂ’ ಎಂಬ ನಾಲ್ಕೇ ಉತ್ತರ. ಕೇಳುವುದೂ ರೋಗಿ ಮನೆಗೆ ಹೋಗಿ ಕನಿಷ್ಠ 48 ಗಂಟೆ ಕಳೆದ ಮೇಲೆ. ನಮ್ಮ ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ‘ಮೇರಾ ಅಸ್ಪತಾಲ್’ ವ್ಯವಸ್ಥೆಯಲ್ಲಿ ರೋಗಿಗಳ ಅಭಿಪ್ರಾಯ ಕೇಳಲು ಎಸ್ಸೆಮ್ಮೆಸ್, ಫೋನ್ ಕರೆಗಳ ದಾರಿಯಿದೆ. ಓದು ಬಾರದ ಅಜ್ಜಿಗೆ ಕರೆಯೇ ಸರಿ, ಆದರೆ ಕೇಳುವವರು ಆಕೆ ಇದ್ದ ವಾರ್ಡಿನವರಾಗಿರಕೂಡದು. ಇನ್ನೊಂದು: ‘ಡಾಕ್ಟರು, ನರ್ಸು ಚೆನ್ನಾಗಿ ಮಾತಾಡಿಸಿದರೇ?’ ಎಂದು ಇಬ್ಬರನ್ನೂ ಒಟ್ಟಿಗೆ ಕೇಳಿದರೆ, ಗದರಿದ್ದು ಯಾರೆಂದು ಗೊತ್ತಾಗುವುದೇ ಇಲ್ಲ.