ಎಣಿಸಿಯೇ ತಿಳಿಯಬೇಕಾದ ದಿಕ್ಕು

ಧ್ರುವೀಕರಣ ಎಂದೊಡನೆ ನಮಗೆ ನೆನಪಾಗುವುದು ಚುನಾವಣೆ. ಭೌತವಿಜ್ಞಾನಿಗಳ ಧ್ರುವೀಕರಣವೇ ಬೇರೆ. ಗೋವಾದ ವಾಸ್ಕೋದಲ್ಲಿ ಮಂಗೋರ್ ಹಿಲ್ ಇಳಿದು ಹೋಗಿ ಬಿಸಿಲಲ್ಲಿ ಸಮುದ್ರದೆದುರು ನಿಂತರೆ ಅದು ಕಣ್ಣಿಗೇ ಕುಕ್ಕುತ್ತದೆ. ನೀರಿನ ಮೇಲಿಂದ ಪ್ರತಿಫಲಿಸಿದ ಬೆಳಕು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತಿರುತ್ತದೆ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಕತ್ತು ಓರೆ ಮಾಡಿ ನೋಡಿ, ಆ ಝಳಪು ಏರಿಳಿಯುತ್ತದೆ.

ಹಾಗೆ ಕತ್ತು ಓರೆ ಮಾಡಲೆಂದೇ ಒಂದು ಉಪಗ್ರಹ ಆಕಾಶಕ್ಕೇರಿದೆ. 2024ರ ಜನವರಿ 1ರಂದು ಇಸ್ರೋ ಸುಮಾರು 650 ಕಿ.ಮೀ. ಎತ್ತರಕ್ಕೆ ಕಳಿಸಿದ ಎಕ್ಸ್‌ಪೋಸ್ಯಾಟ್ ಅದು. ಅದರ ಮುಖ್ಯ ಉಪಕರಣ ಪೋಲಿಕ್ಸ್ ತಯಾರಾದದ್ದು ಬೆಂಗಳೂರಿನ ಸದಾಶಿವನಗರದಲ್ಲಿ, ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಬೆಳಕಿನ ಚದುರುವಿಕೆಯಿಂದಲೇ ನೊಬೆಲ್ ಪಡೆದವರ ಮನೆಯಲ್ಲಿ ಚದುರುವಿಕೆಯನ್ನೇ ನಂಬಿದ ಯಂತ್ರ!

ಪೋಲಿಕ್ಸ್ ಅಳೆಯುವುದು ಆಕಾಶದಿಂದ ಬರುವ ಎಕ್ಸ್‌ರೇಯ ಧ್ರುವೀಕರಣವನ್ನು. ಎಕ್ಸ್‌ರೇಗೆ ಪೋಲರಾಯ್ಡ್ ಹಾಳೆ ಲೆಕ್ಕಕ್ಕಿಲ್ಲ, ತೂರಿಕೊಂಡೇ ಹೋಗುತ್ತದೆ. ಅದಕ್ಕೇ ಪೋಲಿಕ್ಸ್‌ನ ನಡುವೆ ಹಗುರ ಮೂಲವಸ್ತುವಿನ ತುಂಡೊಂದನ್ನು ಇಟ್ಟಿದ್ದಾರೆ. ಭಾರದ ಲೋಹವಾದರೆ ಎಕ್ಸ್‌ರೇಯನ್ನು ನುಂಗಿಬಿಡುತ್ತದೆ. ತುಂಡಿನಲ್ಲಿರುವ ಎಲೆಕ್ಟ್ರಾನಿಗೆ ತಾಗಿದ ಕಿರಣ, ತಾನು ಕಂಪಿಸುವ ದಿಕ್ಕಿಗೆ ಅಡ್ಡವಾಗಿ ಸಿಡಿಯುವುದೇ ಹೆಚ್ಚು. ಸುತ್ತಲಿನ ನಾಲ್ಕು ಶೋಧಕಗಳು ಯಾವ ಕಡೆ ಎಷ್ಟು ಬಿತ್ತು ಎಂದು ಎಣಿಸುತ್ತವೆ. ಶೋಧಕಗಳೇ ಒಂದಕ್ಕೊಂದು ಕೊಂಚ ಭಿನ್ನವಾಗಿದ್ದರೆ? ಸುಳ್ಳು ಧ್ರುವೀಕರಣ ಕಂಡೀತು. ಆದ್ದರಿಂದ ಇಡೀ ಉಪಗ್ರಹವೇ ನಿಧಾನವಾಗಿ ತಿರುಗುತ್ತದೆ, ಎಲ್ಲ ಶೋಧಕಗಳೂ ಎಲ್ಲ ದಿಕ್ಕನ್ನೂ ನೋಡುತ್ತವೆ.

ಉಳಿದದ್ದು ತಾಳ್ಮೆ. ಹತ್ತು ಸಾವಿರ ಎಣಿಸಿದರೂ ನೂರರಷ್ಟು ಆಚೀಚೆ ಆಗುವುದು ಸಹಜ. ಅಂದರೆ ಶೇ 1ರ ವ್ಯತ್ಯಾಸ ಆ ಗದ್ದಲದಲ್ಲೇ ಮುಳುಗಿಹೋಗುತ್ತದೆ. ಪೋಲಿಕ್ಸ್ ಮೊದಲು ನೋಡಿದ್ದು ಕ್ರ್ಯಾಬ್ ಪಲ್ಸಾರನ್ನು. 1054ರಲ್ಲಿ ಚೀನೀಯರು ಕಂಡು ಬರೆದಿಟ್ಟ ನಕ್ಷತ್ರಸ್ಫೋಟದ ಅವಶೇಷ ಅದು, ಸೆಕೆಂಡಿಗೆ ಸುಮಾರು 30 ಸುತ್ತು.

ಅಮೆರಿಕದ ವರ್ಜೀನಿಯಾದ ಜೆಫರ್ಸನ್ ಲ್ಯಾಬಿನಲ್ಲಿ ಇದೇ ಆಟವನ್ನು ತಿರುಗಿಸಿ ಆಡುತ್ತಾರೆ. ಅಲ್ಲಿ ಅಳೆಯಬೇಕಾದದ್ದು ಎಲೆಕ್ಟ್ರಾನ್ ಕಿರಣದ ಸ್ಪಿನ್ ಎತ್ತ ವಾಲಿದೆ ಎಂಬುದನ್ನು. ಆ ಅಳತೆಯಿಲ್ಲದೆ ಅಲ್ಲಿನ ಹಲವು ಪರಮಾಣು ಬೀಜದ ಪ್ರಯೋಗಗಳ ಫಲಿತಾಂಶಕ್ಕೆ ಬೆಲೆಯಿಲ್ಲ. ಒಂದು ದಾರಿ, ಹಸಿರು ಲೇಸರನ್ನು ಎಲೆಕ್ಟ್ರಾನುಗಳಿಗೆ ಎದುರು ಹೊಡೆದು ಚದುರಿದ್ದನ್ನು ಎಣಿಸುವುದು. ಇನ್ನೊಂದು, ಕಾಂತಗೊಳಿಸಿದ ಕಬ್ಬಿಣದ ತೆಳು ಹಾಳೆಗೆ ಕಿರಣವನ್ನು ಬಿಡುವುದು. ಕಬ್ಬಿಣದ ಪರಮಾಣುವಿನ 26 ಎಲೆಕ್ಟ್ರಾನುಗಳಲ್ಲಿ ಸಾಲಾಗಿ ನಿಲ್ಲುವುದು ಎರಡರಷ್ಟು ಮಾತ್ರ. ಅಳತೆಯೆಲ್ಲ ಆ ಎರಡರ ಮೇಲೆ ನಿಂತಿದೆ. ಉಳಿದವು ಬರೀ ಸದ್ದು.